ಟೀಂ ಸೋತರೆ ಕೋಚ್‌ಗೇ ಬರೆಯೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆಟದ ಅಂಗಳದಲ್ಲಿ ಈ ಎಮ್ಮೆಯ ಪಾಲಿಗೆ ಬರುವವರು ಹೆಚ್ಚಾಗಿ ಕೋಚ್. ಕಾಲೇಜು ಟೀಂ ಸಾಲಾಗಿ ನಾಲ್ಕು ಮ್ಯಾಚ್ ಸೋಲಲಿ ನೋಡಿ, ಕ್ಯಾಂಟೀನ್‌ನಲ್ಲೂ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲೂ ಒಂದೇ ತೀರ್ಪು: ‘ಹುಡುಗರು ಚೆನ್ನಾಗೇ ಆಡ್ತಾರೆ ಮಗಾ, ಕೋಚ್ ಸರಿ ಇಲ್ಲ’. ಹನ್ನೆರಡು ಆಟಗಾರರನ್ನು ಬದಲಿಸುವುದಕ್ಕಿಂತ ಒಬ್ಬ ಕೋಚ್‌ನನ್ನು ಬದಲಿಸುವುದು ಸುಲಭ, ನಿಜ. ಆದರೆ ಸುಲಭವಾದದ್ದೆಲ್ಲ ಸರಿಯೇ?

ಈ ಪ್ರಶ್ನೆಯನ್ನು ಪ್ರತಿ ವರ್ಷ ಗಂಭೀರವಾಗಿ ಚರ್ಚಿಸುವ ದೇಶವೊಂದಿದೆ. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಐಪಿಎಲ್ ಇದ್ದ ಹಾಗೆ. ಮಾರ್ಚ್ ಬಂತೆಂದರೆ 68 ಕಾಲೇಜುಗಳ ನಾಕೌಟ್ ಟೂರ್ನಿ ನೋಡಲು ಜನ ಟಿ.ವಿ. ಮುಂದೆ ಕೂರುತ್ತಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಅಷ್ಟು ಸಂಬಳ ಕೊಟ್ಟವರು ಸೋತಾಗ ಲೆಕ್ಕ ಕೇಳದೆ ಇರುತ್ತಾರೆಯೇ?

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಪಿ.ಇ. ಸರ್ ಒಬ್ಬರೇ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳಬೇಕು. ಅಡ್ಮಿಷನ್ ಆಗಿ ಬಂದವರಲ್ಲೇ ಟೀಂ ಕಟ್ಟಬೇಕು. ಅಲ್ಲಿ ಹಾಗಲ್ಲ. ಕೋಚ್ ಊರೂರು ತಿರುಗಿ, ಹೈಸ್ಕೂಲ್ ಆಟಗಾರರ ಮನೆಗೇ ಹೋಗಿ, ಅಪ್ಪ ಅಮ್ಮನನ್ನು ಒಪ್ಪಿಸಿ, ಸ್ಕಾಲರ್‌ಶಿಪ್ ಕೊಡಿಸಿ ಕರೆತರುತ್ತಾರೆ. ಅಂದರೆ ಕೋಚ್‌ನದ್ದು ಆಡಿಸುವ ಕೆಲಸ ಮಾತ್ರವಲ್ಲ, ಆರಿಸುವ ಕೆಲಸವೂ ಹೌದು. ಹೀಗಾಗಿ ಹೊಸ ಕೋಚ್ ಬಂದಾಗ ಮೊದಲ ಒಂದೆರಡು ವರ್ಷ ಅಂಗಳಕ್ಕಿಳಿಯುವವರಲ್ಲಿ ಹೆಚ್ಚಿನವರು ಹಿಂದಿನ ಕೋಚ್ ಆರಿಸಿದವರು. ಆಗ ಸೋತರೆ ಆ ಸೋಲು ಯಾರ ಖಾತೆಗೆ?

ಇದಕ್ಕೆ ಉತ್ತರ ಹುಡುಕಲು ನಾರ್ತ್ ಕೆರೊಲಿನಾ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ಕಥೆ ಸಾಕು. ಡರ್ಹಮ್ ಊರಿನ ಡ್ಯೂಕ್, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ. ಎರಡಕ್ಕೂ ನಡುವಿನ ದೂರ ಸುಮಾರು 16 ಕಿ.ಮೀ. ಅಷ್ಟೇ. ಹಗೆತನ ಮಾತ್ರ ಬೆಟ್ಟದಷ್ಟು.

ಮೂರು ವರ್ಷ, 47 ಸೋಲು

1980ರಲ್ಲಿ ಡ್ಯೂಕ್ ತನ್ನ ತಂಡಕ್ಕೆ 33 ವರ್ಷದ ಮೈಕ್ ಶಶೆಫ್‌ಸ್ಕಿ ಎಂಬವರನ್ನು ತಂದಿತು. ಸೇನಾ ಅಕಾಡೆಮಿಯ ತಂಡಕ್ಕೆ ಕೋಚ್ ಆಗಿದ್ದ ಅವರ ಹಿಂದಿನ ಸೀಸನ್‌ನಲ್ಲಿ 9 ಗೆಲುವು, 17 ಸೋಲು. ಇಂಥವರನ್ನು ಯಾಕೆ ತಂದರು ಎಂದು ಮೊದಲ ದಿನದಿಂದಲೇ ಗೊಣಗಾಟ. ಮೊದಲ ವರ್ಷ ಹಳೆಯ ಆಟಗಾರರ ಬಲದಲ್ಲಿ 17 ಪಂದ್ಯ ಗೆದ್ದು 13 ಸೋತರು. ಆ ಹಿರಿಯರು ಪದವಿ ಮುಗಿಸಿ ಹೋದ ಮೇಲೆ ಬಣ್ಣ ಬಯಲಾಯಿತು. ಎರಡನೆಯ ವರ್ಷ 10 ಗೆಲುವು, 17 ಸೋಲು. ಮೂರನೆಯ ವರ್ಷ 11 ಗೆಲುವು, 17 ಸೋಲು. 1983ರ ಮಾರ್ಚ್‌ನಲ್ಲಿ ಆ ಸೀಸನ್‌ನ ಕೊನೆಯ ಪಂದ್ಯ. ವರ್ಜೀನಿಯಾ ಎದುರು 109–66ರಲ್ಲಿ, ಅಂದರೆ 43 ಅಂಕಗಳ ಅಂತರದಲ್ಲಿ ಹೀನಾಯ ಸೋಲು.

ಗಾಯದ ಮೇಲೆ ಉಪ್ಪು ಸವರಿದಂತೆ ಪಕ್ಕದ ನಾರ್ತ್ ಕೆರೊಲಿನಾ 1982ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ತಂಡದಲ್ಲಿದ್ದ ಮೊದಲ ವರ್ಷದ ಹುಡುಗನ ಹೆಸರು ಮೈಕೆಲ್ ಜೋರ್ಡಾನ್. ಮರುವರ್ಷ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ನಾರ್ತ್ ಕೆರೊಲಿನಾ ಸ್ಟೇಟ್ ಕಪ್ ಗೆದ್ದಿತು. ಅಲ್ಲಿನ ಕೋಚ್ ಜಿಮ್ ವಾಲ್ವಾನೊ ಕೆಲಸಕ್ಕೆ ಸೇರಿದ್ದೂ 1980ರಲ್ಲೇ! ‘ಒಟ್ಟಿಗೆ ಬಂದವರು ಕಪ್ ಎತ್ತಿದರು, ನಮ್ಮವರು ಏನು ಮಾಡಿದರು?’ ಎಂದು ಡ್ಯೂಕ್ ಅಭಿಮಾನಿಗಳು ಕೇಳಿದರೆ ತಪ್ಪು ಎನ್ನಲಾದೀತೆ?

ಶಶೆಫ್‌ಸ್ಕಿ ಪೂರ್ತಿ ನಿರಪರಾಧಿಯೂ ಅಲ್ಲ. ಮೊದಲ ಬಾರಿ ಆಟಗಾರರನ್ನು ಹುಡುಕಲು ಹೊರಟಾಗ ಬೇಕಾದ ಪ್ರಮುಖರನ್ನು ಒಲಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬರು ಅಂಟಿಕೊಂಡು ಕಾಯುವ ‘ಮ್ಯಾನ್ ಟು ಮ್ಯಾನ್’ ಪದ್ಧತಿಯೇ ಬೇಕು ಎಂದು ಹಟ ಹಿಡಿದರು, ಕೈಯಲ್ಲಿದ್ದ ತಂಡಕ್ಕೆ ಅದು ಹೊಂದುತ್ತದೆಯೋ ಇಲ್ಲವೋ ಎಂದು ನೋಡಲಿಲ್ಲ. ಸೋಲಿನಲ್ಲಿ ಅವರ ಪಾಲು ಇತ್ತು.

ಆದರೆ 1982ರಲ್ಲಿ ಅವರು ಕರೆತಂದ ಹುಡುಗರ ಗುಂಪು ಬೇರೆಯೇ ಆಗಿತ್ತು. ಜಾನಿ ಡಾಕಿನ್ಸ್, ಮಾರ್ಕ್ ಅಲಾರಿ, ಜೇ ಬಿಲಾಸ್, ಡೇವಿಡ್ ಹೆಂಡರ್ಸನ್. 43 ಅಂಕಗಳಿಂದ ಸೋತಿದ್ದು ಈ ಮೊದಲ ವರ್ಷದ ಹುಡುಗರೇ. ಕಾಲೇಜಿನ ಅಥ್ಲೆಟಿಕ್ ನಿರ್ದೇಶಕ ಟಾಮ್ ಬಟರ್ಸ್ ಕೋಚ್‌ನನ್ನು ತೆಗೆಯಲಿಲ್ಲ. 1984ರ ಜನವರಿಯಲ್ಲಿ, ತಂಡ ಮತ್ತೆ ಸಾಲು ಸೋಲು ಕಾಣುತ್ತಿದ್ದಾಗಲೇ, ಐದು ವರ್ಷಕ್ಕೆ ಒಪ್ಪಂದ ವಿಸ್ತರಿಸಿಬಿಟ್ಟರು. ಆ ವರ್ಷ 24 ಗೆಲುವು ಬಂತು. ಅದೇ ಹುಡುಗರು ಕೊನೆಯ ವರ್ಷಕ್ಕೆ ಬಂದಾಗ, 1986ರಲ್ಲಿ, 37 ಪಂದ್ಯ ಗೆದ್ದು ಫೈನಲ್ ತಲುಪಿ ಮೂರು ಅಂಕಗಳಿಂದ ಸೋತರು. ಶಶೆಫ್‌ಸ್ಕಿ 2022ರಲ್ಲಿ ನಿವೃತ್ತರಾಗುವಾಗ ಅವರ ಖಾತೆಯಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿ, 1,202 ಗೆಲುವು ಇದ್ದವು.

ಪಕ್ಕದ ಊರಿನ ಇನ್ನೊಂದು ಕಥೆ

ಇಷ್ಟಕ್ಕೇ ನಿಲ್ಲಿಸಿದರೆ ‘ತಾಳಿದವನು ಬಾಳಿಯಾನು’ ಎಂದು ಹೇಳಿ ಮುಗಿಸಬಹುದಿತ್ತು. ಚಾಪೆಲ್ ಹಿಲ್‌ನ ಕಥೆ ಅದಕ್ಕೆ ಬಿಡುವುದಿಲ್ಲ.

2000ದಲ್ಲಿ ನಾರ್ತ್ ಕೆರೊಲಿನಾಕ್ಕೆ ಕೋಚ್ ಆಗಿ ಬಂದವರು ಮ್ಯಾಟ್ ಡೋಹರ್ಟಿ. ಜೋರ್ಡಾನ್ ಜತೆ 1982ರ ಕಪ್ ಗೆದ್ದ ತಂಡದಲ್ಲಿ ಆಡಿದ್ದವರು, ಮನೆಯ ಮಗನೇ. ಮೊದಲ ವರ್ಷ 26 ಗೆಲುವು, 7 ಸೋಲು. ಆಮೇಲೆ ಜೋಸೆಫ್ ಫೋರ್ಟೆ ಓದು ಅರ್ಧಕ್ಕೆ ಬಿಟ್ಟು ಎನ್‌ಬಿಎಗೆ ಹೋದರು, ಬ್ರೆಂಡನ್ ಹೇವುಡ್ ಪದವಿ ಮುಗಿಸಿದರು, ಜೂಲಿಯಸ್ ಪೆಪ್ಪರ್ಸ್ ಫುಟ್‌ಬಾಲ್ ಆಯ್ದುಕೊಂಡರು. 2001–02ರಲ್ಲಿ ತಂಡ 8 ಗೆದ್ದು 20 ಸೋತಿತು. ಸತತ 27 ವರ್ಷ ರಾಷ್ಟ್ರೀಯ ಟೂರ್ನಿ ಆಡಿದ್ದ ಕಾಲೇಜು ಆ ವರ್ಷ ಮನೆಯಲ್ಲಿ ಕೂತಿತು. ಮರುವರ್ಷ ಡೋಹರ್ಟಿ ಒಳ್ಳೊಳ್ಳೆಯ ಹುಡುಗರನ್ನು ತಂದರು. ಅವರಲ್ಲಿ ಎತ್ತರದ ಆಟಗಾರ ಶಾನ್ ಮೇ ಕಾಲು ಮುರಿದುಕೊಂಡು ಸೀಸನ್‌ನ ಬಹುಪಾಲು ಹೊರಗುಳಿದರೂ ತಂಡ 19 ಗೆದ್ದು 16 ಸೋತಿತು. ಅಂದರೆ 8ರಿಂದ 19ಕ್ಕೆ ಏರಿಕೆ. ಆದರೂ 2003ರ ಏಪ್ರಿಲ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಕಾರಣ ಅಂಕಪಟ್ಟಿಯಲ್ಲ, ಆಟಗಾರರ ಜತೆ ಹಳಸಿದ ಸಂಬಂಧ.

ಮುಂದೆ ಬಂದ ರಾಯ್ ವಿಲಿಯಮ್ಸ್ ಎರಡೇ ವರ್ಷದಲ್ಲಿ, 2005ರಲ್ಲಿ, ಕಪ್ ಗೆದ್ದರು. ಫೈನಲ್‌ನಲ್ಲಿ ಅಂಗಳಕ್ಕಿಳಿದ ಮೊದಲ ಐವರೂ ಡೋಹರ್ಟಿ ಕಾಲದಲ್ಲಿ ಸೇರಿದವರೇ! ಆರಿಸಿದವರು ಒಬ್ಬರು, ಗೆಲ್ಲಿಸಿದವರು ಇನ್ನೊಬ್ಬರು. 20 ಸೋಲಿಗೆ ಡೋಹರ್ಟಿಯನ್ನು ದೂರುವುದಾದರೆ 2005ರ ಕಪ್ಪಿನಲ್ಲೂ ಅವರಿಗೆ ಒಂದು ಪಾಲು ಕೊಡಬೇಕಾಗುತ್ತದೆ. ನಾವು ಗೆದ್ದೆತ್ತಿನ ಬಾಲ ಹಿಡಿಯುವ ಜನ, ಆ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ಅಂಕಪಟ್ಟಿ ಹೇಳದ ಮಾತು

ಈಗ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡ್ಯೂಕ್‌ನಲ್ಲಿ ಅಂಕಪಟ್ಟಿ ಕೆಳಗಿಳಿದಿತ್ತು, ಕೋಚ್ ಉಳಿದರು. ಚಾಪೆಲ್ ಹಿಲ್‌ನಲ್ಲಿ ಅಂಕಪಟ್ಟಿ ಮೇಲೇರುತ್ತಿತ್ತು, ಕೋಚ್ ಹೋದರು. ಗೆಲುವು ಸೋಲು ಮಾತ್ರ ಎಣಿಸಿದ್ದರೆ ಎರಡೂ ತೀರ್ಮಾನ ತಲೆಕೆಳಗು. ಆದರೆ ಎರಡೂ ಕಾಲೇಜಿಗೆ ಅದರಿಂದ ಒಳ್ಳೆಯದೇ ಆಯಿತು. ಹಾಗಾದರೆ ಕೋಚ್ ತಪ್ಪಿತಸ್ಥರೋ ಅಲ್ಲವೋ ಎಂದು ಬೇರೆ ಏನನ್ನೋ ನೋಡಿ ನಿರ್ಧರಿಸಬೇಕು. ನನ್ನ ಪ್ರಕಾರ ಅದು ಮೂರು ಪ್ರಶ್ನೆ.

ಒಂದು, ಈ ತಂಡವನ್ನು ಆರಿಸಿದವರು ಯಾರು? ಹಿಂದಿನವರು ಬಿಟ್ಟುಹೋದ ಖಾಲಿ ಡಬ್ಬಕ್ಕೆ ಹೊಸಬರನ್ನು ಬಯ್ಯುವುದು ಅನ್ಯಾಯ. ನಾಲ್ಕನೆಯ ವರ್ಷವೂ ಡಬ್ಬ ಖಾಲಿ ಇದ್ದರೆ ಅದು ಅವರದ್ದೇ ತಪ್ಪು.

ಎರಡು, ಒಬ್ಬೊಬ್ಬ ಆಟಗಾರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದಾನೆಯೇ? ತಂಡ ಸೋಲುತ್ತಿರಬಹುದು, ಹೋದ ವರ್ಷ ಎಡಗೈಯಲ್ಲಿ ಡ್ರಿಬಲ್ ಮಾಡಲು ಬಾರದಿದ್ದವನು ಈ ವರ್ಷ ಮಾಡುತ್ತಿದ್ದರೆ ಅಲ್ಲಿ ಕಲಿಸುವ ಕೆಲಸ ನಡೆಯುತ್ತಿದೆ ಎಂದರ್ಥ.

ಮೂರು, ಸೋತ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಆಟಗಾರರು ಕೋಚ್ ಮಾತು ಕೇಳುತ್ತಾರೆಯೇ? 109–66ರ ಸೋಲಿನ ನಂತರ ಶಶೆಫ್‌ಸ್ಕಿಯ ಹುಡುಗರು ಅವರ ಜತೆಗೇ ನಿಂತರು. ಆ ರಾತ್ರಿಯನ್ನು ಮರೆಯಬಾರದು ಎಂದು ಮುಂದಿನ ಸೀಸನ್‌ನ ಮೊದಲ ಅಭ್ಯಾಸದ ದಿನ ಸ್ಕೋರ್‌ಬೋರ್ಡ್ ಮೇಲೆ ಅದೇ ಅಂಕಗಳನ್ನು ಹಾಕಿಸಲಾಗಿತ್ತು. ಕೋಚ್ ಮೇಲೆ ನಂಬಿಕೆ ಇರದ ತಂಡಕ್ಕೆ ಅದು ಅವಮಾನವಾಗುತ್ತಿತ್ತು. ಇವರಿಗೆ ಛಲವಾಯಿತು. ಚಾಪೆಲ್ ಹಿಲ್‌ನಲ್ಲಿ ಮುರಿದುಬಿದ್ದಿದ್ದು ಈ ಮೂರನೆಯದೇ. ಅದು ಮುರಿದರೆ ಉಳಿದೆರಡು ಎಷ್ಟೇ ಗಟ್ಟಿಯಿದ್ದರೂ ಸಾಲದು.

ಬದಲಿಸಿದರೆ ಸರಿಹೋಗುತ್ತದೆಯೇ?

ಶಶೆಫ್‌ಸ್ಕಿ ಗೆದ್ದಿದ್ದಕ್ಕೇ ಅವರ ಕಥೆ ಇವತ್ತಿಗೂ ಹೇಳುತ್ತೇವೆ. ಕಾದು ಕಾದು ಏನೂ ಸಿಗದ ಕಾಲೇಜುಗಳ ಕಥೆ ಯಾರು ಬರೆಯುತ್ತಾರೆ? ಹಾಗಾಗಿ ತಾಳ್ಮೆಯನ್ನೇ ಮಂತ್ರ ಎನ್ನಲಾರೆ. ಆದರೆ ‘ತೆಗೆದುಹಾಕಿ’ ಎಂಬುದಂತೂ ಮಂತ್ರವಲ್ಲವೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳನ್ನು ಕುರಿತು ಮೂವರು ಸಂಶೋಧಕರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೋಚ್‌ನನ್ನು ಬದಲಿಸಿದ ತಂಡಗಳನ್ನು, ಅಷ್ಟೇ ಕೆಟ್ಟದಾಗಿ ಆಡುತ್ತಿದ್ದರೂ ಬದಲಿಸದ ತಂಡಗಳ ಜತೆ ಅವರು ಹೋಲಿಸಿದರು. ತೀರಾ ಸೋತ ತಂಡಗಳಲ್ಲಿ ಬದಲಾವಣೆಯಿಂದ ಹೆಚ್ಚೇನೂ ವ್ಯತ್ಯಾಸವಾಗಿರಲಿಲ್ಲ. ಮಧ್ಯಮ ಮಟ್ಟದ ತಂಡಗಳು ಬದಲಿಸಿ ಇನ್ನಷ್ಟು ಕೆಳಗಿಳಿದಿದ್ದವು. ಪಾತಾಳ ಮುಟ್ಟಿದ ತಂಡ ಮುಂದಿನ ವರ್ಷ ಸ್ವಲ್ಪ ಮೇಲೆ ಬರುವುದು ಸಹಜ. ಆ ಹೊತ್ತಿಗೆ ಹೊಸ ಕೋಚ್ ಬಂದಿದ್ದರೆ ಹಾರ ಅವರ ಕೊರಳಿಗೆ ಬೀಳುತ್ತದೆ.

ಈಚೆಗೆ ಅಲ್ಲಿ ಆಟವೇ ಬದಲಾಗಿದೆ. 2021ರಿಂದ ಆಟಗಾರರು ಒಂದು ವರ್ಷ ಬೆಂಚ್ ಕಾಯದೆ ಇನ್ನೊಂದು ಕಾಲೇಜಿಗೆ ಹೋಗಬಹುದು, ತಮ್ಮ ಹೆಸರಿನ ಮೇಲೆ ಜಾಹೀರಾತಿನ ದುಡ್ಡೂ ಗಳಿಸಬಹುದು. ಒಂದೇ ಬೇಸಿಗೆಯಲ್ಲಿ ತಂಡ ಪೂರ್ತಿ ಬದಲಾಗುವ ಕಾಲದಲ್ಲಿ ‘ನಾಲ್ಕು ವರ್ಷ ಕಾಯಿರಿ’ ಎನ್ನುವ ಕೋಚ್ ಮಾತಿಗೆ ಬೆಲೆ ಕಡಿಮೆ. ಡಾಕಿನ್ಸ್ ಮತ್ತು ಗೆಳೆಯರು ಇಂದಿನವರಾಗಿದ್ದರೆ 43 ಅಂಕಗಳ ಸೋಲಿನ ಮಾರನೆಯ ವಾರವೇ ಬೇರೆ ಕಾಲೇಜು ಸೇರುತ್ತಿದ್ದರೇನೋ. ಆಗ 1986ರ 37 ಗೆಲುವೂ ಇರುತ್ತಿರಲಿಲ್ಲ.

ಕಾಲೇಜಿನಲ್ಲಿ ಆಡುವ, ನೋಡುವ ಗೆಳೆಯರೇ, ಇದು ಬ್ಯಾಸ್ಕೆಟ್‌ಬಾಲ್‌ಗೆ ಮಾತ್ರ ಸೀಮಿತವಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಲೆಕ್ಚರರ್, ಕೆಎಎಸ್ ಪ್ರಿಲಿಮ್ಸ್ ದಾಟದಿದ್ದರೆ ಕೋಚಿಂಗ್ ಸೆಂಟರ್, ಪ್ರಾಜೆಕ್ಟ್ ಕೆಟ್ಟರೆ ಟೀಂ ಲೀಡರ್ ಎಂದು ಬೆರಳು ತೋರಿಸಲು ನಮಗೆಲ್ಲ ಒಬ್ಬರು ಬೇಕು. ಕೆಲವೊಮ್ಮೆ ತಪ್ಪು ನಿಜಕ್ಕೂ ಅವರದ್ದೇ ಇರುತ್ತದೆ. ಅದನ್ನು ಹೇಳಲು ಹೆದರಬೇಕಿಲ್ಲ. ಆದರೆ ಹೇಳುವ ಮುನ್ನ ಆ ಮೂರು ಪ್ರಶ್ನೆ ಕೇಳಿಕೊಳ್ಳಿ: ಅವರ ಕೈಗೆ ಏನು ಸಿಕ್ಕಿತ್ತು, ಅವರಿಂದ ನಾವು ಏನಾದರೂ ಕಲಿತೆವೇ, ಅವರ ಮಾತನ್ನು ಇನ್ನೂ ನಂಬುತ್ತೇವೆಯೇ? ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಕ್ಕಮೇಲೂ ಕೋಚ್‌ನದ್ದೇ ತಪ್ಪು ಅನಿಸಿದರೆ ಹೋಗಿ ಪ್ರಿನ್ಸಿಪಾಲರ ಬಳಿ ಧೈರ್ಯವಾಗಿ ಹೇಳಿ. ಇಲ್ಲವಾದರೆ ನಾಳೆ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್‌ಗೆ ಬನ್ನಿ.