ಗೃಹಾಂತರ: ನಂಬಿಕೆ ಮತ್ತು ವಸ್ತುಸ್ಥಿತಿ

ಬಾಡಿಗೆಯ ಕರಾರು ತೀರಿ, ಅಥವಾ ವರ್ಗಾವಣೆಯ ಆಜ್ಞೆ ಬಂದು, ಅಥವಾ ಬಹುಕಾಲದ ಉಳಿತಾಯದಿಂದ ಕಟ್ಟಿಸಿದ ಸ್ವಂತ ಮನೆ ವಾಸಯೋಗ್ಯವಾಗಿ, ಒಂದು ಕುಟುಂಬವು ಇದ್ದ ನೆಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೊರಡುವಾಗ ಆ ಮನೆಯವರೆಲ್ಲರೂ ನಿಶ್ಚಿಂತೆಯಿಂದ ಆಡುವ ಮಾತೊಂದುಂಟು: ಲಾರಿ ಗೊತ್ತಾಗಿದೆ, ಆಳುಗಳು ಬರುತ್ತಾರೆ, ಉಳಿದದ್ದು ಒಂದು ದಿನದ ಕೆಲಸ. ಗೃಹಾಂತರದ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳಿಗೆಲ್ಲ ಮೂಲವಾದದ್ದು ಈ ಮಾತೇ. ವಾಸ್ತವದಲ್ಲಿ ಲಾರಿಯ ದಿನವು ಈ ಕಾರ್ಯದ ಅತ್ಯಲ್ಪ ಭಾಗ. ಅದಕ್ಕೆ ಮುಂಚಿನ ಮೂರು ನಾಲ್ಕು ವಾರಗಳ ಸಿದ್ಧತೆಯೂ, ತರುವಾಯದ ಒಂದು ತಿಂಗಳಲ್ಲಿ ಮುಗಿಯಬೇಕಾದ ಕಾಗದಪತ್ರಗಳ ವ್ಯವಹಾರವೂ ಸರಿಯಾಗಿದ್ದಲ್ಲಿ ಆ ದಿನವು ತಾನಾಗಿಯೇ ಸುಗಮವಾಗುತ್ತದೆ. ಇಲ್ಲವಾದಲ್ಲಿ ಎಷ್ಟು ಆಳುಗಳಿದ್ದರೂ ಆಗುವುದಿಲ್ಲ.

ಮೊದಲಿಗೆ ಮುಹೂರ್ತದ ಮಾತು. ಹಾಲು ಉಕ್ಕಿಸುವ ದಿನದಂದೇ ಸಾಮಾನುಗಳೆಲ್ಲವೂ ಹೊಸ ಮನೆಯ ಹೊಸ್ತಿಲನ್ನು ದಾಟತಕ್ಕದ್ದೆಂದು ಭಾವಿಸಿ, ಮುಂಜಾವದ ಲಗ್ನಕ್ಕಾಗಿ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಗಂಟುಮೂಟೆ ಕಟ್ಟುವವರು ಅನೇಕರು. ಆದರೆ ಸಂಪ್ರದಾಯವು ಬೇಡುವುದು ದೀಪ, ದೇವರ ಪಟ, ತುಂಬಿದ ಕಲಶ, ಅಕ್ಕಿ, ಬೇಳೆ, ಉಪ್ಪು, ಹಾಲು ಇಷ್ಟನ್ನೇ ಹೊರತು ಬೀರು ಮಂಚಗಳನ್ನಲ್ಲ. ಆಷಾಢ ಹಿಡಿಯುವುದರೊಳಗಾಗಿ, ಶಾಲೆಗಳು ತೆರೆಯುವುದಕ್ಕೆ ಮುಂಚಿತವಾಗಿ ಎಂದು ಬಹುಮಂದಿ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಮನೆ ಬದಲಿಸಹೊರಡುವ ನಮ್ಮ ನಾಡಿನಲ್ಲಿ, ಶ್ರದ್ಧೆಯನ್ನು ಕಿಂಚಿತ್ತೂ ಬಿಡದೆ, ಮುಹೂರ್ತದಂದು ಹಾಲುಕ್ಕಿಸಿ ಕೆಲವು ದಿನಗಳ ನಂತರ ಸಾಮಾನು ತರುವುದೇ ವಿವೇಕದ ಮಾರ್ಗ. ನಡುವಿನ ದಿನಗಳಲ್ಲಿ ಬರಿದಾದ ಮನೆಯ ನಲ್ಲಿ, ಚರಂಡಿ, ವಿದ್ಯುತ್ತಿನ ತಂತಿಗಳನ್ನು ಪರೀಕ್ಷಿಸುವುದಕ್ಕೂ, ಬಹುದಿನ ನೀರು ನಿಂತ ಸಂಪನ್ನೂ ಮೇಲಿನ ತೊಟ್ಟಿಯನ್ನೂ ತೊಳೆಸುವುದಕ್ಕೂ ಒದಗುವ ಅವಕಾಶವು, ಸಾಮಾನು ಬಂದು ತುಂಬಿದ ಮೇಲೆ ಒದಗುವುದಿಲ್ಲ.

ಅಪಾಯಕರವಾದ ನಂಬಿಕೆಗಳಲ್ಲಿ ಅಗ್ರಸ್ಥಾನದಲ್ಲಿರುವುದು ಅಡಿಗೆಯ ಅನಿಲದ ಸಿಲಿಂಡರನ್ನು ಕುರಿತದ್ದು. ರೆಗ್ಯುಲೇಟರನ್ನು ಕಳಚಿದ ಮೇಲೆ ಅದೂ ಒಂದು ಪಾತ್ರೆಯಂತೆಯೇ, ಅದರಲ್ಲಿಯೂ ಖಾಲಿಯಾದದ್ದಾದರೆ ಭಯವೇ ಇಲ್ಲ, ಎಂದು ಅದನ್ನು ಹಾಸಿಗೆಗಳ ನಡುವೆ ಮಲಗಿಸಿ ಸಾಗಿಸುವವರಿದ್ದಾರೆ. ಖಾಲಿಯೆಂದು ನಾವು ಹೇಳುವ ಸಿಲಿಂಡರಿನಲ್ಲಿಯೂ ಅನಿಲದ ಶೇಷವಿದ್ದೇ ಇರುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದ್ದು ಮೇಲೇರಿ ಚದುರದೆ, ಮುಚ್ಚಿದ ವಾಹನದ ತಳದಲ್ಲಿಯೇ ಸಂಗ್ರಹವಾಗಿ ಒಂದು ಕಿಡಿಗಾಗಿ ಕಾದಿರುತ್ತದೆ. ಪರ ಊರಿಗೆ ಹೋಗುವವರು ಸಿಲಿಂಡರನ್ನು ಒಯ್ಯಬೇಕಾದ ಅಗತ್ಯವೂ ಇಲ್ಲ. ಸಿಲಿಂಡರನ್ನೂ ರೆಗ್ಯುಲೇಟರನ್ನೂ ವಿತರಕನಿಗೆ ಒಪ್ಪಿಸಿದರೆ ಠೇವಣಿಯ ಹಣವು ಹಿಂದಿರುಗಿ ವರ್ಗಾವಣೆಯ ವೋಚರು ದೊರೆಯುತ್ತದೆ. ಅದನ್ನು ಹೊಸ ಊರಿನ ವಿತರಕನಿಗೆ ತೋರಿಸಿ, ಅಲ್ಲಿ ಜಾರಿಯಲ್ಲಿರುವ ದರದಂತೆ ಠೇವಣಿಯಿಟ್ಟರೆ ಸಂಪರ್ಕವು ಮುಂದುವರಿಯುತ್ತದೆ. ಅದೇ ಊರಿನೊಳಗೆ ಬದಲಾಯಿಸುವವರು ಸಿಲಿಂಡರನ್ನು ಒಪ್ಪಿಸಬೇಕಾಗಿಲ್ಲವಾದರೂ, ಸುರಕ್ಷತೆಯ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ತೆರೆದ ವಾಹನದಲ್ಲಿ ಪ್ರತ್ಯೇಕವಾಗಿ, ವಿತರಕನನ್ನು ಕೇಳಿಯೇ ಸಾಗಿಸತಕ್ಕದ್ದು.

ರೆಫ್ರಿಜರೇಟರನ್ನು ಹೇಗೆ ಒಯ್ದರೂ ನಡೆಯುತ್ತದೆ, ತಂದೊಡನೆ ಚಾಲೂ ಮಾಡಬಹುದು ಎಂಬುದೂ ಸರಿಯಲ್ಲ. ಮಲಗಿಸಿದಾಗ ಅದರ ಕಂಪ್ರೆಸರಿನ ಎಣ್ಣೆ ತಂಪುಕಾರಕದ ನಳಿಗೆಗಳೊಳಗೆ ಹರಿಯುವುದುಂಟು. ನೆಟ್ಟಗೆ ನಿಲ್ಲಿಸಿ ಕೆಲವು ತಾಸು, ಬಹುಕಾಲ ಮಲಗಿದ್ದರೆ ಒಂದು ಇಡೀ ದಿನ, ಬಿಟ್ಟ ಮೇಲೆಯೇ ವಿದ್ಯುತ್ತನ್ನು ಕೊಡಬೇಕು. ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರದ ಹಿಂಭಾಗಕ್ಕೆ, ಕೊಂಡ ದಿನ ತೆಗೆದಿಟ್ಟ ಸಾಗಾಣಿಕೆಯ ಬೋಲ್ಟುಗಳನ್ನು ಮತ್ತೆ ಬಿಗಿಯದಿದ್ದರೆ, ಒಳಗಿನ ಡ್ರಮ್ಮು ದಾರಿಯುದ್ದಕ್ಕೂ ಹೊಯ್ದಾಡಿ ಕೆಡುತ್ತದೆ. ದೊಡ್ಡ ಪೆಟ್ಟಿಗೆಯಾದಷ್ಟೂ ಕೆಲಸ ಕಡಿಮೆಯೆಂಬ ನಂಬಿಕೆಯಂತೂ ಹೊರುವವನ ಬೆನ್ನಿಗೆ ಮಾಡುವ ಅನ್ಯಾಯ. ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ ಪುಸ್ತಕಗಳನ್ನು ಒತ್ತಿ ತುಂಬಿದರೆ ಅದು 50 ಕಿಲೋಗ್ರಾಮನ್ನು ಮೀರುತ್ತದೆ. ಅದನ್ನು ಮೂರನೆಯ ಅಂತಸ್ತಿಗೆ ಮೆಟ್ಟಿಲೇರಿಸುವ ಮನುಷ್ಯನಿಗೂ ಒಂದು ಸಂಸಾರವಿದೆ. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆ, ಹೊದಿಕೆ ದಿಂಬುಗಳಿಗೆ ದೊಡ್ಡದು ಎಂಬುದೇ ನ್ಯಾಯ. ಇನ್ನು ದಿನಸಿ ಅಂಗಡಿಯಿಂದ ಉಚಿತವಾಗಿ ತಂದ ರಟ್ಟಿನ ಡಬ್ಬಗಳ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆಕೋಶ ಅಡಗಿರುವುದುಂಟು. ಅಡಿಗೆಮನೆಯನ್ನು ಕಾಡುವ ಸಣ್ಣ ಜಾತಿಯ ಜಿರಲೆಯಾದರೆ ಒಂದೊಂದು ಕೋಶದಲ್ಲಿ 30ರಿಂದ 40 ಮೊಟ್ಟೆಗಳಿರುವುದರಿಂದ, ಉಳಿಸಿದ ಹಣವು ಕೀಟನಾಶಕಕ್ಕೆ ಸಲ್ಲುತ್ತದೆ.

ಆದರೆ ಕುಟುಂಬಗಳಿಗೆ ಅತಿ ಹೆಚ್ಚಿನ ನಷ್ಟವನ್ನು ತರುವ ಭ್ರಮೆಯೆಂದರೆ, ಸಾಗಾಣಿಕೆಯವನು ಹಣ ಪಡೆದಮೇಲೆ ಒಡೆದದ್ದಕ್ಕೆ, ಕಳೆದದ್ದಕ್ಕೆ ಪೂರ್ಣ ಹೊಣೆ ಅವನದೇ ಎಂಬುದು. 1865ರ ಹಳೆಯ ಶಾಸನದ ಸ್ಥಾನದಲ್ಲಿ ಬಂದಿರುವ 2007ರ ರಸ್ತೆ ಸಾಗಾಣಿಕೆ ಅಧಿನಿಯಮವು ಅವನ ಹೊಣೆಗೆ ಮಿತಿಯನ್ನು ಕಲ್ಪಿಸಿದೆ. ಹೆಚ್ಚಿನ ಹೊಣೆಯ ದರವನ್ನು ಕೊಡುವುದಾಗಿ ಗ್ರಾಹಕನು ಮೊದಲೇ ಸ್ಪಷ್ಟವಾಗಿ ಒಪ್ಪಿರದಿದ್ದರೆ, 2011ರ ನಿಯಮಗಳ ಪ್ರಕಾರ ಪರಿಹಾರವು ಸಾಗಾಣಿಕೆಯ ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ. ಘೋಷಿಸಿದ ಮೌಲ್ಯ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ದಕ್ಕುತ್ತದೆ. ಎಂದರೆ 8,000 ರೂಪಾಯಿ ಬಾಡಿಗೆ ಕೊಟ್ಟವನು, ನಾಲ್ಕು ಲಕ್ಷದ ಸಾಮಾನು ನಾಶವಾದರೂ, 80,000ಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ. ನಷ್ಟವಾದದ್ದನ್ನು ಕುರಿತು ಲಿಖಿತ ನೋಟಿಸನ್ನು, ಸಾಮಾನನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಾಣಿಕೆಯವನಿಗೆ ತಲುಪಿಸದಿದ್ದರೆ ಅವನ ಮೇಲೆ ದಾವೆಯನ್ನೇ ಹೂಡಲಾಗದು. ಬಾಯಿಮಾತಿನ ಆಶ್ವಾಸನೆಗಳನ್ನು ನಂಬಿ ಆರು ತಿಂಗಳನ್ನು ಕಳೆದವರಿಗೆ ಕಾನೂನಿನ ಬಾಗಿಲು ಮುಚ್ಚಿರುತ್ತದೆ. ಇದಕ್ಕೆ ಸೇರಿಕೊಂಡಂತೆ ಮತ್ತೊಂದು ಭ್ರಮೆಯುಂಟು: ಬಿಲ್ಲಿನಲ್ಲಿ ವಿಮೆಯೆಂದು ಬರೆದು ಹಣ ವಸೂಲಾದರೆ ವಿಮೆಯಾಯಿತು ಎಂಬುದು. ವಿಮೆಯನ್ನು ನೀಡಬಲ್ಲದ್ದು ನೋಂದಾಯಿತ ವಿಮಾ ಸಂಸ್ಥೆಯೇ ಹೊರತು ಲಾರಿಯ ಸಂಸ್ಥೆಯಲ್ಲ. ಪಾಲಿಸಿಯ ಪತ್ರವು ನಿಮ್ಮ ಹೆಸರಿನಲ್ಲಿ, ಮಾರ್ಗ ಮತ್ತು ಮೌಲ್ಯಗಳ ವಿವರದೊಡನೆ, ಲಾರಿ ಹೊರಡುವ ಮೊದಲು ನಿಮ್ಮ ಕೈಗೆ ಬರಬೇಕು. ಪ್ರತಿಯೊಂದು ಪೆಟ್ಟಿಗೆಗೂ ಸಂಖ್ಯೆ ಕೊಟ್ಟು, ಒಳಗಿರುವುದನ್ನು ಪಟ್ಟಿಮಾಡಿ, ಎರಡು ಪ್ರತಿಗಳಲ್ಲಿ ಸಹಿ ಪಡೆದುಕೊಳ್ಳುವುದು ಅಪನಂಬಿಕೆಯ ಲಕ್ಷಣವೆಂದು ಸಂಕೋಚಪಡಬೇಕಾಗಿಲ್ಲ; ಪ್ರಾಮಾಣಿಕನಾದ ಸಾಗಾಣಿಕೆಯವನು ಅದನ್ನು ಸ್ವಾಗತಿಸುತ್ತಾನೆ. ಒಡವೆ, ನಗದು, ಮನೆಯ ಪತ್ರಗಳು ಮಾತ್ರ ಯಾವ ಪಟ್ಟಿಗೂ ಸೇರದೆ ಮನೆಯವರೊಡನೆಯೇ ಪ್ರಯಾಣ ಮಾಡತಕ್ಕವು.

ಹಿಂದಿನವರ ವಿದ್ಯುತ್ ಬಾಕಿ ನಮಗೆ ಸಂಬಂಧಿಸಿದ್ದಲ್ಲವೆಂಬ ಧೈರ್ಯವೂ, ವಿಶೇಷವಾಗಿ ಮನೆಯನ್ನು ಕೊಳ್ಳುವವರ ವಿಷಯದಲ್ಲಿ, ನಿರಾಧಾರವಾದುದು. ಸರಬರಾಜಿನ ನಿಯಮಗಳು ಹಾಗೆ ವಿಧಿಸಿರುವಲ್ಲಿ ಹಳೆಯ ಬಾಕಿಯನ್ನು ತೀರಿಸಿದ ಮೇಲೆಯೇ ಹೊಸ ಸಂಪರ್ಕ ಎಂದು ಕೇಳುವುದಕ್ಕೆ ಅವಕಾಶವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಿನಲ್ಲಿ, ಕೆ. ಸಿ. ನಿನಾನ್ ಪ್ರಕರಣದಲ್ಲಿ, ತೀರ್ಪಿತ್ತಿದೆ. ಕೊನೆಯ ಬಿಲ್ಲಿನ ರಸೀತಿಯನ್ನು ಕೇಳಿ ಪಡೆಯಿರಿ. ಒಳಹೊಕ್ಕ ದಿನದ ಮೀಟರಿನ ಅಂಕಿಯ ಛಾಯಾಚಿತ್ರವನ್ನು ಇಟ್ಟುಕೊಳ್ಳಿರಿ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಸೌಲಭ್ಯವೂ ಮನೆ ಬಿಟ್ಟೊಡನೆ ನಷ್ಟವಾಗುವುದಲ್ಲ. ಹಳೆಯ ಮೀಟರಿನ ಖಾತೆಯಿಂದ ಆಧಾರ್ ಜೋಡಣೆಯನ್ನು ಬಿಡಿಸಿ ಹೊಸ ಮನೆಯ ಖಾತೆಗೆ ಅರ್ಜಿ ಸಲ್ಲಿಸಬಹುದು. ವಾಹನವುಳ್ಳವರು ವಿಳಾಸದ ಬದಲಾವಣೆಯನ್ನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಕಾನೂನು. ಹೊರರಾಜ್ಯಕ್ಕೆ ಹೋದ ಮಾತ್ರಕ್ಕೆ ಮರುನೋಂದಣಿ ಅನಿವಾರ್ಯವಲ್ಲ, ವಾಹನವು ಅಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಮಾತ್ರ ಅದು ಅಗತ್ಯ.

ಕೊನೆಯದಾಗಿ, ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೆ ಎಲ್ಲಿ ಬೇಕಾದರೂ ಮತ ಹಾಕಬಹುದೆಂದು ತಿಳಿದು, ಚುನಾವಣೆಯ ದಿನ ಹೊಸ ಬಡಾವಣೆಯ ಮತಗಟ್ಟೆಯಿಂದ ವ್ಯಥೆಯಿಂದ ಹಿಂದಿರುಗುವವರು ನಮ್ಮ ನಗರಗಳಲ್ಲಿ ಇಂದಿಗೂ ಇದ್ದಾರೆ. ಮತದ ಹಕ್ಕು ನಿಂತಿರುವುದು ಚೀಟಿಯ ಮೇಲಲ್ಲ, ಪಟ್ಟಿಯಲ್ಲಿರುವ ಹೆಸರಿನ ಮೇಲೆ. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದಕ್ಕೆ ಅವಕಾಶವೂ ಇಲ್ಲ. ಸ್ಥಳಾಂತರಕ್ಕೆ, ಅದು ಅದೇ ಕ್ಷೇತ್ರದೊಳಗೇ ಆಗಿರಲಿ ಹೊರಗೇ ಆಗಿರಲಿ, 2022ರಿಂದ ನಮೂನೆ 8 ಒಂದೇ ಸಾಕು. ಹೊಸ ಮನೆಯಲ್ಲಿ ನೆಲೆನಿಂತ ಮೊದಲ ತಿಂಗಳಿನಲ್ಲಿಯೇ, ಪೆಟ್ಟಿಗೆಗಳೆಲ್ಲ ಬಿಚ್ಚಿ ಮುಗಿಯಲೆಂದು ಕಾಯದೆ, ಮನೆಯಲ್ಲಿರುವ ಪ್ರತಿಯೊಬ್ಬ ಮತದಾರನ ಹೆಸರಿನಲ್ಲಿಯೂ ಆ ನಮೂನೆಯನ್ನು ಸಲ್ಲಿಸಿರಿ.