ಭೂ ದಾಖಲೆಗಳ ಗಣಕೀಕೃತ ಸಂಗ್ರಹ: ಮಿತವ್ಯಯದ ಡಿಸ್ಕ್‌ಗಳ ಆಯ್ಕೆಯ ಕುರಿತು ಮಾಹಿತಿ

ದೊಡ್ಡಬಳ್ಳಾಪುರ ತಾಲ್ಲೂಕು ರಾಜಘಟ್ಟದ ಭೂಹಿಡುವಳಿದಾರರೊಬ್ಬರು ಕುಟುಂಬದ ವಿಭಾಗಕ್ಕಾಗಲಿ, ಬ್ಯಾಂಕಿನ ಸಾಲಕ್ಕಾಗಲಿ, ನ್ಯಾಯಾಲಯದ ವ್ಯಾಜ್ಯಕ್ಕಾಗಲಿ ಹಳೆಯ ಮ್ಯುಟೇಷನ್ ವಹಿಯ ದೃಢೀಕೃತ ನಕಲನ್ನು ಕೋರಿದಾಗ, ಆ ಒಂದು ಪುಟವು ಲಭ್ಯವಿರುವುದೋ ಇಲ್ಲವೋ ಎಂಬುದರ ಮೇಲೆ ಅವರ ಹಕ್ಕಿನ ರುಜುವಾತು ನಿಂತಿರುತ್ತದೆ. ಹಿಂದೆ ಆ ಪುಟವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಬಟ್ಟೆಯ ಗಂಟಿನೊಳಗೆ ಮಾತ್ರ ಇರುತ್ತಿತ್ತು. ಸ್ಕ್ಯಾನ್ ಆದ ದಾಖಲೆಗಳ ವಿಷಯದಲ್ಲಿ ಅದರ ಪ್ರತಿಯು ಗಣಕಯಂತ್ರದ ಡಿಸ್ಕ್‌ನಲ್ಲಿಯೂ ಇರುತ್ತದೆ. ಆದುದರಿಂದ ಸಾರ್ವಜನಿಕ ಹಣದಲ್ಲಿ ಡಿಸ್ಕ್‌ಗಳನ್ನು ಹೇಗೆ ಆರಿಸಬೇಕು, ಕಡಿಮೆ ವೆಚ್ಚವೆಂದರೆ ಏನು ಎಂಬುದನ್ನು ಅರ್ಜಿದಾರರೂ ಅರಿತಿರುವುದು ಉಪಯುಕ್ತ.

ಹಿನ್ನೆಲೆ

ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು 2000ದ ದಶಕದ ಆರಂಭದ ವೇಳೆಗೆ ಗಣಕೀಕರಿಸಲಾಯಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿತು. ಪಹಣಿಯು ಅಕ್ಷರ ಮತ್ತು ಅಂಕಿಗಳ ರೂಪದ ಮಾಹಿತಿಯಾದ್ದರಿಂದ ಅದು ಬೇಡುವ ಸ್ಥಳ ಅಲ್ಪ. ಒಂದು ಪಹಣಿಗೆ 10 ಕಿಲೋಬೈಟ್ ಎಂದು ಎಣಿಸಿದರೂ 2 ಕೋಟಿ ಪಹಣಿಗಳು 200 ಗಿಗಾಬೈಟ್‌ಗಳಲ್ಲಿ ಅಡಗುತ್ತವೆ.

ಹಳೆಯ ಕೈಬರಹದ ದಾಖಲೆಗಳ ಸ್ಥಿತಿ ಬೇರೆ. ಮ್ಯುಟೇಷನ್ ವಹಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಆಕಾರ್‌ಬಂದ್, ಟಿಪ್ಪಣಿ, ಸಾಗುವಳಿ ಚೀಟಿಯ ಕಡತ ಮುಂತಾದವುಗಳನ್ನು ಚಿತ್ರರೂಪದಲ್ಲಿಯೇ ಉಳಿಸಬೇಕಾಗುತ್ತದೆ. ಸಹಿ, ಮೊಹರು, ತಿದ್ದುಪಡಿಯ ಗುರುತು ಎಲ್ಲವೂ ಸಾಕ್ಷ್ಯವಾಗಿರುತ್ತವೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯವು 2024ರಲ್ಲಿ ಆರಂಭವಾದ ನಂತರ ಸಂಗ್ರಹ ಸಾಮರ್ಥ್ಯದ ಪ್ರಶ್ನೆಯು ಮತ್ತಷ್ಟು ಮಹತ್ವ ಪಡೆದಿದೆ.

ಎಷ್ಟು ಸ್ಥಳ ಬೇಕಾಗುತ್ತದೆ?

ಎ-4 ಗಾತ್ರದ ಒಂದು ಹಾಳೆಯನ್ನು ಅಂಗುಲಕ್ಕೆ 300 ಬಿಂದುಗಳ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದಾಗ ಸುಮಾರು 87 ಲಕ್ಷ ಬಿಂದುಗಳು ದೊರೆಯುತ್ತವೆ. ಬಣ್ಣದ ಚಿತ್ರವಾಗಿ, ಸಂಕುಚನಗೊಳಿಸದೆ ಇರಿಸಿದರೆ ಅದಕ್ಕೆ ಸುಮಾರು 26 ಮೆಗಾಬೈಟ್ ಬೇಕು. ಅಕ್ಷರಗಳು ಕೆಡದಂತೆ ಸಂಕುಚನಗೊಳಿಸಿ ಪುಟಕ್ಕೆ 1 ಮೆಗಾಬೈಟ್‌ನಷ್ಟಕ್ಕೆ ಇಳಿಸಬಹುದು. ಒಂದು ದಾಖಲೆ ಕೊಠಡಿಯಲ್ಲಿ 1 ಕೋಟಿ ಪುಟಗಳಿವೆಯೆಂದು ಉದಾಹರಣೆಗೆ ಭಾವಿಸಿದರೆ, ಸಂಕುಚಿತ ರೂಪಕ್ಕೆ 10 ಟೆರಾಬೈಟ್ ಸಾಕು. ಅಸಂಕುಚಿತ ರೂಪಕ್ಕೆ 260 ಟೆರಾಬೈಟ್ ಬೇಕು. ಆದ್ದರಿಂದ ಮಿತವ್ಯಯದ ಮೊದಲ ನಿರ್ಧಾರವನ್ನು ಡಿಸ್ಕ್ ಖರೀದಿಗೆ ಮುನ್ನವೇ, ಸ್ಕ್ಯಾನಿಂಗ್ ಮೇಜಿನ ಬಳಿ ಕೈಗೊಳ್ಳಬೇಕಾಗುತ್ತದೆ. ಆದರೆ ಸ್ಥಳದ ಉಳಿತಾಯಕ್ಕಾಗಿ ಮಸುಕಾದ ಶಾಯಿಯ ಅಕ್ಷರವು ಓದಲಾಗದಂತೆ ಮಾಡಿದಲ್ಲಿ ಆ ಉಳಿತಾಯದ ಬೆಲೆಯನ್ನು ಭೂಮಾಲೀಕರೇ ತೆರಬೇಕಾಗುತ್ತದೆ.

ಡಿಸ್ಕ್‌ಗಳ ವಿಧಗಳು

1. ಸಾಲಿಡ್ ಸ್ಟೇಟ್ ಡಿಸ್ಕ್: ತಿರುಗುವ ಭಾಗಗಳಿಲ್ಲ, ಅತಿ ವೇಗ. ಪ್ರತಿ ಟೆರಾಬೈಟ್‌ಗೆ ಇದರ ಬೆಲೆಯು ತಿರುಗುವ ಡಿಸ್ಕ್‌ಗಿಂತ ಹಲವು ಪಟ್ಟು ಹೆಚ್ಚು. ದಿನವಿಡೀ ಓದಿ ಬರೆಯಲ್ಪಡುವ ಪಹಣಿ ದತ್ತಸಂಚಯದಂತಹ ಮಾಹಿತಿಗೆ ಇದು ಯೋಗ್ಯ. ಮೇಲೆ ಲೆಕ್ಕ ಹಾಕಿದಂತೆ ಅದರ ಗಾತ್ರವು ಚಿಕ್ಕದಾದ್ದರಿಂದ ವೆಚ್ಚವೂ ಮಿತಿಯಲ್ಲಿರುತ್ತದೆ.

2. ಹೆಚ್ಚು ಸಾಮರ್ಥ್ಯದ ಹಾರ್ಡ್ ಡಿಸ್ಕ್: ಸ್ಕ್ಯಾನ್ ಮಾಡಿದ ಪುಟವನ್ನು ಒಮ್ಮೆ ಬರೆದ ನಂತರ ಅರ್ಜಿ ಬಂದಾಗ ಮಾತ್ರ ಓದಲಾಗುತ್ತದೆ. ಇಂತಹ ಮಾಹಿತಿಗೆ ಸರ್ವರ್ ಬಳಕೆಗೆಂದೇ ತಯಾರಾದ 3.5 ಅಂಗುಲದ ಹಾರ್ಡ್ ಡಿಸ್ಕ್‌ಗಳು ಮಿತವ್ಯಯದವು.

3. ಮ್ಯಾಗ್ನೆಟಿಕ್ ಟೇಪ್: 2021ರಲ್ಲಿ ಬಂದ ಎಲ್‌ಟಿಒ-9 ಟೇಪ್ ಒಂದರಲ್ಲಿ ಸಂಕುಚನವಿಲ್ಲದೆ 18 ಟೆರಾಬೈಟ್ ಹಿಡಿಯುತ್ತದೆ. ಬೇಕಾದ ಪುಟವನ್ನು ತಲುಪಲು ಸಮಯ ಹಿಡಿಯುವುದರಿಂದ ನಿತ್ಯದ ಸೇವೆಗೆ ಇದು ಹೊಂದುವುದಿಲ್ಲ. ಆದರೆ ಕಪಾಟಿನಲ್ಲಿರುವ ಟೇಪ್‌ಗೆ ವಿದ್ಯುತ್ ಬೇಡ ಮತ್ತು ಜಾಲದ ಮೂಲಕ ಅದನ್ನು ಅಳಿಸಲಾಗದು. ಆದುದರಿಂದ ಕಾಪು ಪ್ರತಿಗೆ ಇದು ಸೂಕ್ತ.

ಅಗ್ಗದ ಡಿಸ್ಕ್ ಮತ್ತು ಮಿತವ್ಯಯದ ಡಿಸ್ಕ್

ಬೆಲೆಪಟ್ಟಿಯಲ್ಲಿ ಕಡಿಮೆ ಇರುವುದೆಲ್ಲವೂ ಮಿತವ್ಯಯವಾಗುವುದಿಲ್ಲ. 3 ವರ್ಷದ ಖಾತರಿಯುಳ್ಳ ಡಿಸ್ಕ್‌ಗೆ 80 ರೂಪಾಯಿ, 5 ವರ್ಷದ ಖಾತರಿಯುಳ್ಳದ್ದಕ್ಕೆ 100 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಖಾತರಿಯ ವರ್ಷಕ್ಕೆ ಮೊದಲನೆಯದಕ್ಕೆ ಸುಮಾರು 27 ರೂಪಾಯಿ, ಎರಡನೆಯದಕ್ಕೆ 20 ರೂಪಾಯಿ ಬೀಳುತ್ತದೆ.

ವಿದ್ಯುತ್ತಿನ ಲೆಕ್ಕವೂ ಹಾಗೆಯೇ. 4 ಟೆರಾಬೈಟ್‌ನ 24 ಡಿಸ್ಕ್‌ಗಳು ಮತ್ತು 16 ಟೆರಾಬೈಟ್‌ನ 6 ಡಿಸ್ಕ್‌ಗಳು ಒಟ್ಟು 96 ಟೆರಾಬೈಟ್‌ಗೆ ಸಮ. ಪ್ರತಿ ಡಿಸ್ಕ್‌ಗೆ 7 ವ್ಯಾಟ್ ಎಂದು ಹಿಡಿದರೆ ಮೊದಲನೆಯ ವ್ಯವಸ್ಥೆಗೆ 168 ವ್ಯಾಟ್, ಎರಡನೆಯದಕ್ಕೆ 42 ವ್ಯಾಟ್ ಬೇಕು. ಹಗಲಿರುಳು ನಡೆದಲ್ಲಿ ವರ್ಷಕ್ಕೆ ಸುಮಾರು 1,100 ಯೂನಿಟ್‌ಗಳ ವ್ಯತ್ಯಾಸವಾಗುತ್ತದೆ; ತಂಪುಗೊಳಿಸುವ ವೆಚ್ಚವು ಇದಕ್ಕೆ ಹೊರತು.

ಹಾಗೆಂದು ಅತಿ ದೊಡ್ಡ ಡಿಸ್ಕ್‌ಗಳನ್ನು ಮಾತ್ರ ಕೊಳ್ಳುವುದೂ ಸರಿಯಲ್ಲ. ಕೆಟ್ಟುಹೋದ 20 ಟೆರಾಬೈಟ್ ಡಿಸ್ಕ್‌ನ ಜಾಗದಲ್ಲಿ ಹೊಸದನ್ನಿಟ್ಟು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಮರಳಿ ತುಂಬಿಸಲು ಸುಮಾರು 28 ಗಂಟೆಗಳು ಬೇಕು. ಕಚೇರಿಯ ಕೆಲಸವೂ ಜೊತೆಯಲ್ಲಿ ನಡೆಯುತ್ತಿದ್ದಲ್ಲಿ ಇನ್ನೂ ಹೆಚ್ಚು. ಆ ಅವಧಿಯಲ್ಲಿ ಮತ್ತೊಂದು ಡಿಸ್ಕ್ ಕೆಡುವ ಸಾಧ್ಯತೆಯನ್ನು ಗಣನೆಗೆ ತೆಗೆದುಕೊಂಡು, ಎರಡು ಡಿಸ್ಕ್‌ಗಳ ವೈಫಲ್ಯವನ್ನು ತಾಳಬಲ್ಲ ರೈಡ್-6 ಜೋಡಣೆಯನ್ನು ಅನುಸರಿಸಬೇಕಾಗುತ್ತದೆ. ಇದರಲ್ಲಿ 16 ಟೆರಾಬೈಟ್‌ನ 8 ಡಿಸ್ಕ್‌ಗಳನ್ನು ಜೋಡಿಸಿದರೆ ಬಳಕೆಗೆ 96 ಟೆರಾಬೈಟ್ ಮಾತ್ರ ಸಿಗುತ್ತದೆ. ದರಗಳನ್ನು ಹೋಲಿಸುವಾಗ ಈ ಬಳಕೆಯ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು.

ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

ಸರ್ಕಾರಿ ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ. ಟೆಂಡರಿನ ತಾಂತ್ರಿಕ ವಿವರಣೆಯು ಅಸ್ಪಷ್ಟವಾಗಿದ್ದರೆ ಅತಿ ಕಡಿಮೆ ದರದ ಹೆಸರಿನಲ್ಲಿ ಅನುಚಿತ ವಸ್ತುವು ಬರುವ ಅಪಾಯವಿದೆ. ಆದ್ದರಿಂದ ಈ ಕೆಳಗಿನವುಗಳನ್ನು ವಿವರಣೆಯಲ್ಲಿ ನಮೂದಿಸುವುದು ಅವಶ್ಯ.

ಅ) ದತ್ತದ ಪಥಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ‘ಎಸ್‌ಎಂಆರ್’ ವಿಧಾನದ ಡಿಸ್ಕ್‌ಗಳು ಅಗ್ಗವಾದರೂ ರೈಡ್ ಮರುನಿರ್ಮಾಣದಲ್ಲಿ ಬಹಳ ನಿಧಾನವಾಗಬಲ್ಲವು, ಆದುದರಿಂದ ‘ಸಿಎಂಆರ್’ ವಿಧಾನವೆಂದು ಸೂಚಿಸಬೇಕು.

ಆ) ಓದಲಾಗದ ದೋಷದ ಪ್ರಮಾಣ. ಮನೆಬಳಕೆಯ ಹಲವು ಡಿಸ್ಕ್‌ಗಳಿಗೆ ತಯಾರಕರು ಸುಮಾರು 12.5 ಟೆರಾಬೈಟ್ ಓದಿಗೆ ಒಂದು ದೋಷದ ಮಿತಿಯನ್ನು ಹೇಳುತ್ತಾರೆ. ಸರ್ವರ್ ವರ್ಗದವುಗಳಿಗೆ ಈ ಮಿತಿಯು ಸುಮಾರು 125 ಟೆರಾಬೈಟ್.

ಇ) ಎಲ್ಲ ಡಿಸ್ಕ್‌ಗಳೂ ಒಂದೇ ತಯಾರಿಕಾ ತಂಡದವಾಗಿರಬಾರದು. ಒಂದೇ ದೋಷವಿದ್ದಲ್ಲಿ ಅವು ಒಟ್ಟಿಗೆ ಕೆಡುವ ಸಂಭವವಿರುತ್ತದೆ.

ಈ) ಖರೀದಿಯೊಡನೆಯೇ ಕೆಲವು ಬದಲಿ ಡಿಸ್ಕ್‌ಗಳು. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಿಂದ ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್‌ಗಳ ಬೆಲೆ ತೀವ್ರವಾಗಿ ಏರಿತ್ತು.

ಉ) ಕೆಟ್ಟ ಡಿಸ್ಕ್‌ಗಳನ್ನು ಮಾರಾಟಗಾರರಿಗೆ ಹಿಂದಿರುಗಿಸದೆ, ದತ್ತವನ್ನು ನಾಶಪಡಿಸಿ, ಇ-ತ್ಯಾಜ್ಯ ನಿಯಮಗಳು, 2022ರಂತೆ ವಿಲೇವಾರಿ ಮಾಡುವ ಷರತ್ತು.

ಡಿಸ್ಕ್‌ನ ಆಯುಷ್ಯ ಮತ್ತು ಕಾಪು ಪ್ರತಿ

ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 2001ರಲ್ಲಿ ನಡೆಸಿದ ಉತ್ಖನನದಲ್ಲಿ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳೊಂದಿಗೆ ಮಣ್ಣಿನ ಕಿರುಸ್ತೂಪಗಳೂ ಅಕ್ಷರಗಳನ್ನೊತ್ತಿದ ಮಣ್ಣಿನ ಮುದ್ರಿಕೆಗಳೂ ದೊರೆತಿವೆ. ಮಣ್ಣಿನ ಮೇಲಿನ ಆ ಬರಹವು ಶತಮಾನಗಳನ್ನು ದಾಟಿ ಬಂದಿದೆ. ಹಾರ್ಡ್ ಡಿಸ್ಕ್‌ಗೆ ಅಂತಹ ಆಯುಷ್ಯವಿಲ್ಲ. ಲಕ್ಷಾಂತರ ಡಿಸ್ಕ್‌ಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು ಪ್ರಕಟಿಸಿದ ಅಂಕಿಅಂಶದಂತೆ 2024ರಲ್ಲಿ ಅದರ ಡಿಸ್ಕ್‌ಗಳ ವಾರ್ಷಿಕ ವೈಫಲ್ಯ ಪ್ರಮಾಣವು ಶೇಕಡ 1.57. ಅಂದರೆ 100 ಡಿಸ್ಕ್‌ಗಳಿರುವ ಕೇಂದ್ರದಲ್ಲಿ ವರ್ಷಕ್ಕೆ ಒಂದೆರಡು ಕೆಡುವುದು ಸಹಜ. ಗಣಕೀಕೃತ ದಾಖಲೆಯು ಉಳಿಯುವುದು ಒಂದು ಡಿಸ್ಕ್‌ನ ಗಟ್ಟಿತನದಿಂದಲ್ಲ. ಅವಧಿ ಮುಗಿಯುವ ಮುನ್ನ ಹೊಸ ಡಿಸ್ಕ್‌ಗೆ ವರ್ಗಾಯಿಸುತ್ತ ಹೋಗುವ ಶಿಸ್ತಿನಿಂದ.

ರೈಡ್ ಜೋಡಣೆಯು ಕಾಪು ಪ್ರತಿಯಲ್ಲ. ಕಡತವು ತಪ್ಪಾಗಿ ಅಳಿಸಲ್ಪಟ್ಟರೆ ಅಥವಾ ದುರುದ್ದೇಶದ ತಂತ್ರಾಂಶವು ಬಾಧಿಸಿದರೆ ಎಲ್ಲ ಡಿಸ್ಕ್‌ಗಳಲ್ಲಿಯೂ ಅದು ಏಕಕಾಲಕ್ಕೆ ನಷ್ಟವಾಗುತ್ತದೆ. ಆದುದರಿಂದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಪಾಲಿಸುವುದು ಲೇಸು. ಕಾಪು ಪ್ರತಿಯಿಂದ ಆಗಾಗ್ಗೆ ಕೆಲವು ಪುಟಗಳನ್ನು ಮರಳಿ ತೆಗೆದು ಪರೀಕ್ಷಿಸದೆ ಅದನ್ನು ನಂಬಲಾಗದು. ಅನುದಾನ ಸಾಲದಿದ್ದಲ್ಲಿ ವೇಗವನ್ನು ಕಡಿಮೆ ಮಾಡಿಕೊಳ್ಳಬಹುದು, ಪ್ರತಿಗಳ ಸಂಖ್ಯೆಯನ್ನಲ್ಲ. ನಿಧಾನವಾದ ಡಿಸ್ಕ್‌ನಿಂದ ಅರ್ಜಿದಾರರು ಕೆಲ ನಿಮಿಷ ಕಾಯಬೇಕಾದೀತು. ಇಲ್ಲದ ಪುಟಕ್ಕಾಗಿ ಕಾದು ಪ್ರಯೋಜನವಿಲ್ಲ.

ಅರ್ಜಿದಾರರ ಗಮನಕ್ಕೆ

ಹಳೆಯ ದಾಖಲೆಯ ನಕಲು ಕೋರುವವರು ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ ನಂಬರು, ಗೊತ್ತಿದ್ದಲ್ಲಿ ಎಂ.ಆರ್. ಸಂಖ್ಯೆ ಮತ್ತು ವರ್ಷವನ್ನು ತಪ್ಪದೆ ನಮೂದಿಸುವುದು. ಲಕ್ಷಾಂತರ ಚಿತ್ರಗಳ ನಡುವೆ ಪುಟವನ್ನು ಹುಡುಕಲು ಈ ವಿವರಗಳೇ ಆಧಾರ. ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳುವುದು. ಸರ್ವರ್ ತೊಂದರೆಯಿಂದ ಅಂದು ನಕಲು ದೊರೆಯದಿದ್ದರೂ ಅರ್ಜಿ ಸಲ್ಲಿಸಿದ ದಿನಾಂಕಕ್ಕೆ ಅದೇ ಪುರಾವೆ. ನಕಲು ದೊರೆತ ಕೂಡಲೇ ಎಲ್ಲ ಪುಟಗಳೂ ಇವೆಯೇ, ಅಂಚಿನ ಷರಾಗಳು ಕತ್ತರಿಸಿಹೋಗಿಲ್ಲವೇ, ಹೆಸರು ಮತ್ತು ವಿಸ್ತೀರ್ಣ ಓದಲು ಬರುತ್ತವೆಯೇ ಎಂದು ಪರಿಶೀಲಿಸಿ, ಲೋಪವಿದ್ದಲ್ಲಿ ಮೂಲ ಕಡತವು ಲಭ್ಯವಿರುವಾಗಲೇ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸುವುದು. ಮನೆಯಲ್ಲಿರುವ ಮೂಲ ಕ್ರಯಪತ್ರ, ವಿಭಾಗಪತ್ರ ಮತ್ತು ಸಾಗುವಳಿ ಚೀಟಿಗಳನ್ನು, ಅವುಗಳ ಪ್ರತಿಯು ಗಣಕದಲ್ಲಿದೆಯೆಂಬ ಕಾರಣಕ್ಕೆ ಅಲಕ್ಷಿಸದೆ, ಜೋಪಾನವಾಗಿಟ್ಟುಕೊಳ್ಳುವುದು.