ಮಾತಿಗೂ ಒಂದು ಲೆಕ್ಕಶೀರ್ಷಿಕೆ ಬೇಕು

ಸರ್ಕಾರಿ ಆಸ್ಪತ್ರೆಯ ಆಯವ್ಯಯದಲ್ಲಿ ಔಷಧಿಗೊಂದು ಲೆಕ್ಕಶೀರ್ಷಿಕೆ ಇರುತ್ತದೆ, ರೋಗಿಗಳ ಆಹಾರಕ್ಕೊಂದು, ಕಟ್ಟಡದ ದುರಸ್ತಿಗೊಂದು. ಮನೋರೋಗಿಯ ಪಕ್ಕದಲ್ಲಿ ಕುಳಿತು ಶುಶ್ರೂಷಕಿಯೊಬ್ಬರು ಅವರ ಮಾತು ಕೇಳಿಸಿಕೊಳ್ಳುವ ಅರ್ಧ ಗಂಟೆಗೆ ಮಾತ್ರ ಯಾವ ಶೀರ್ಷಿಕೆಯೂ ಇಲ್ಲ. ಅದು ಆಕೆಯ ಒಳ್ಳೆಯತನದ ಖಾತೆಗೆ ಜಮೆಯಾಗುತ್ತದೆ, ಇಲ್ಲವೇ ಕಾಲಹರಣದ ಖಾತೆಗೆ. ವಾಸ್ತವದಲ್ಲಿ ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ಆ ಅರ್ಧ ಗಂಟೆಯೂ ಚಿಕಿತ್ಸೆಯೇ. ಅದನ್ನು ವೃತ್ತಿಯ ಕೆಲಸವೆಂದು ಎಣಿಸಿ ಅದಕ್ಕೆ ತಕ್ಕ ಹುದ್ದೆ ಮತ್ತು ವೇಳೆ ಒದಗಿಸದಿದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡಿರುವ ಭರವಸೆಗಳು ಕಾಗದದಲ್ಲೇ ಉಳಿಯುತ್ತವೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ರೋಗವನ್ನೂ ಮಾತನ್ನೂ ಬೇರೆ ಬೇರೆ ಮನೆಯಲ್ಲಿಟ್ಟಿದೆ. ಮನೋರೋಗಿಗಳ ವಾರ್ಡಿನಲ್ಲಿ ಅವೆರಡೂ ಒಂದೇ ಸೂರಿನಡಿ ಇರುತ್ತವೆ. ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆ ತೋರಿಸುತ್ತದೆ. ಮೂಳೆ ಮುರಿದಿದ್ದರೆ ಎಕ್ಸ್‌ರೇ ಹೇಳುತ್ತದೆ. ಖಿನ್ನತೆಯ ಆಳವನ್ನಾಗಲಿ, ಕಿವಿಯಲ್ಲಿ ಕೇಳುವ ಅಶರೀರ ದನಿಯ ಬೆದರಿಕೆಯನ್ನಾಗಲಿ ರೋಗಿಯೇ ಹೇಳಬೇಕು. ಹೇಳುವಷ್ಟು ನಂಬಿಕೆ ಅವರಿಗೆ ಬರಬೇಕು. ಮನೋವೈದ್ಯರು ರೌಂಡ್ಸಿಗೆ ಬಂದು ಹೋಗುವುದು ಸ್ವಲ್ಪ ಹೊತ್ತು. ದಿನದ ಇಪ್ಪತ್ನಾಲ್ಕು ಗಂಟೆಯೂ ರೋಗಿಯ ಬಳಿ ಇರುವವರು ಶುಶ್ರೂಷಕರು.

ಈ ನಂಬಿಕೆ ತಾನಾಗಿ ಹುಟ್ಟುವುದಿಲ್ಲ, ಕ್ರಮವರಿತು ಅದನ್ನು ಕಟ್ಟಬೇಕಾಗುತ್ತದೆ ಎಂದು ಶಾಸ್ತ್ರೀಯವಾಗಿ ಪ್ರತಿಪಾದಿಸಿದವರು ಅಮೆರಿಕದ ಶುಶ್ರೂಷಾ ತಜ್ಞೆ ಹಿಲ್ಡೆಗಾರ್ಡ್ ಪೆಪ್ಲಾ. ಮನೋರೋಗಾಸ್ಪತ್ರೆಯ ದಾದಿಯರೆಂದರೆ ಬೀಗದ ಕೈ ಕಾಯುವವರು, ಮಾತ್ರೆ ನುಂಗಿಸುವವರು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, 1952ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದಾದಿ ಮತ್ತು ರೋಗಿಯ ಸಂಬಂಧವನ್ನೇ ಶುಶ್ರೂಷೆಯ ಕೇಂದ್ರದಲ್ಲಿಟ್ಟರು. ಆ ಸಂಬಂಧಕ್ಕೆ ಹಂತಗಳಿವೆ. ಮೊದಲು ಪರಿಚಯ, ಆಮೇಲೆ ಇಬ್ಬರೂ ಕೂಡಿ ಸಮಸ್ಯೆಯನ್ನು ಬಿಡಿಸುವ ಕೆಲಸ, ಕೊನೆಗೆ ಬೀಳ್ಕೊಡುಗೆ. ಇದು ಗೆಳೆತನವಲ್ಲ. ಗೆಳೆತನದಲ್ಲಿ ಇಬ್ಬರ ಸುಖದುಃಖಕ್ಕೂ ಜಾಗವಿದೆ. ಇಲ್ಲಿ ರೋಗಿಯ ಹಿತವೊಂದೇ ಗುರಿ. ಆದ್ದರಿಂದಲೇ ಎಲ್ಲೆಗಳನ್ನು ಮೊದಲ ದಿನವೇ ತಿಳಿಸಬೇಕಾಗುತ್ತದೆ. ನೀವು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಆದರೆ ನಿಮ್ಮ ಅಥವಾ ಇತರರ ಜೀವಕ್ಕೆ ಅಪಾಯವೆನಿಸಿದರೆ ವೈದ್ಯರ ತಂಡಕ್ಕೆ ತಿಳಿಸುತ್ತೇನೆ ಎಂಬ ಮಾತು ಆರಂಭದಲ್ಲೇ ಬಂದರೆ ಮುಂದೆ ವಿಶ್ವಾಸಭಂಗವೆನಿಸುವುದಿಲ್ಲ. ಬಿಡುಗಡೆಯ ಮಾತನ್ನೂ ಕೊನೆಯ ಗಳಿಗೆಗೆ ಉಳಿಸಿಕೊಳ್ಳದೆ ಮುಂಚೆಯೇ ಎತ್ತಬೇಕು. ನೆಚ್ಚಿಕೊಂಡವರು ಒಮ್ಮೆಗೇ ಕೈಬಿಟ್ಟರೆನ್ನುವ ನೋವು ಎಷ್ಟೋ ಮನೋರೋಗಿಗಳಿಗೆ ಹೊಸದೇನಲ್ಲ.

ಇದರ ಕುಶಲತೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಒಂದು ಉದಾಹರಣೆ ನೋಡೋಣ. ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂದು ರೋಗಿಯೊಬ್ಬರು ತಟ್ಟೆ ದೂಡುತ್ತಾರೆ. ‘ವಿಷವೂ ಇಲ್ಲ, ಏನೂ ಇಲ್ಲ, ಸುಮ್ಮನೆ ಉಣ್ಣಿ’ ಎಂದು ಗದರಿದರೆ ವಾದ ಹುಟ್ಟುತ್ತದೆ, ರೋಗಿಯ ಲೆಕ್ಕದಲ್ಲಿ ದಾದಿಯೂ ಸಂಚಿನಲ್ಲಿ ಸೇರುತ್ತಾಳೆ. ಹೌದೆಂದು ತಲೆಯಾಡಿಸಿದರೆ ಭ್ರಮೆ ಗಟ್ಟಿಯಾಗುತ್ತದೆ. ತರಬೇತಿ ಪಡೆದವರು ಎರಡನ್ನೂ ಮಾಡುವುದಿಲ್ಲ. ‘ನನಗೆ ಹಾಗೆ ಕಾಣುತ್ತಿಲ್ಲ. ಆದರೆ ಹಾಗನ್ನಿಸಿ ನಿಮಗೆ ತುಂಬ ಭಯವಾಗಿರಬೇಕು’ ಎನ್ನುತ್ತಾರೆ. ಸಿಪ್ಪೆ ಸುಲಿಯದ ಬಾಳೆಹಣ್ಣನ್ನೋ, ಒಡೆಯದ ಬಿಸ್ಕತ್ತಿನ ಪೊಟ್ಟಣವನ್ನೋ ಮುಂದಿಡುತ್ತಾರೆ. ರೋಗಿ ಉಣ್ಣುತ್ತಾರೆ, ಭ್ರಮೆಗೆ ಬೆಂಬಲವೂ ಸಿಗಲಿಲ್ಲ, ಮಾನಕ್ಕೆ ಕುಂದೂ ಬರಲಿಲ್ಲ. ಹಾಗೆಯೇ ‘ಎಲ್ಲ ಸರಿಹೋಗುತ್ತದೆ ಬಿಡಿ’ ಎಂಬ ಹುಸಿ ಸಮಾಧಾನ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ರೋಗಿ ಮೌನವಾದಾಗ ಅವಸರಪಡದೆ ಕಾಯುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಜೀವ ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ನಿರಾಧಾರ. ಮೆದುವಾಗಿ, ನೇರವಾಗಿ ಕೇಳಿದಾಗ ಬಹಳ ಮಂದಿಗೆ ಎದೆಯ ಭಾರ ಇಳಿಯುತ್ತದೆ.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಭಾಷೆಯ ಆಯಾಮವೂ ಇದೆ. ಕನ್ನಡದಲ್ಲಿ ‘ಬೇಜಾರು’ ಎಂಬ ಒಂದೇ ಪದ ಹೊತ್ತು ಹೋಗದಿರುವುದಕ್ಕೂ, ಮುನಿಸಿಗೂ, ದುಃಖಕ್ಕೂ, ಬದುಕೇ ಸಾಕೆನಿಸುವುದಕ್ಕೂ ಸಲ್ಲುತ್ತದೆ. ಯಾವ ಬೇಜಾರು ಎಂದು ಬಿಡಿಸಿ ಕೇಳುವ ವ್ಯವಧಾನ ಇಲ್ಲದಿದ್ದರೆ ಅಪಾಯದ ಸೂಚನೆ ಕೈತಪ್ಪುತ್ತದೆ. ಹಳ್ಳಿಯ ಎಷ್ಟೋ ಹೆಂಗಸರು ಖಿನ್ನತೆಯನ್ನು ಮನಸ್ಸಿನ ಮಾತಿನಲ್ಲಿ ಹೇಳುವುದಿಲ್ಲ. ಎದೆ ಡವಡವ ಎನ್ನುತ್ತದೆ, ತಲೆ ಕಾವೇರುತ್ತದೆ, ಕೈಕಾಲಿನಲ್ಲಿ ಶಕ್ತಿಯಿಲ್ಲ ಎನ್ನುತ್ತಾರೆ. ಇನ್ನು ಏಕವಚನ, ಬಹುವಚನದ ಪ್ರಶ್ನೆ. ಹೊರಗೆ ಮೇಷ್ಟ್ರೋ ಗೌಡರೋ ಆಗಿದ್ದವರನ್ನು ವಾರ್ಡಿನೊಳಗೆ ಬಂದೊಡನೆ ‘ಬಾರಪ್ಪ, ಕೂತ್ಕೋ’ ಎನ್ನುವುದು ಪ್ರೀತಿಯ ಸಲುಗೆಯಿಂದಲೇ ಇರಬಹುದು. ಆದರೂ ಕಾಯಿಲೆ ತನ್ನ ಬುದ್ಧಿಯ ಜೊತೆ ಮರ್ಯಾದೆಯನ್ನೂ ಕಸಿದಿದೆ ಎಂದು ಅವರಿಗೆ ಮನದಟ್ಟಾಗಲು ಅಷ್ಟು ಸಾಕು. ಇದೇ ಏಕವಚನ ಮುದುಕಿಯೊಬ್ಬಳ ಕಿವಿಗೆ ‘ಯಾಕವ್ವ, ಉಣ್ಣಲಿಲ್ಲೇನು?’ ಎಂದು ಬಿದ್ದರೆ ತವರಿನ ಮಾತಾಗುತ್ತದೆ. ಯಾರಿಗೆ ಯಾವುದು ಹಿತ ಎಂದು ಅರಿಯುವುದು ಕೂಡ ಶುಶ್ರೂಷೆಯೇ. ಬೇರೆ ರಾಜ್ಯಗಳಿಂದ ಬಂದು ನಮ್ಮ ಆಸ್ಪತ್ರೆಗಳಲ್ಲಿ ನಿಷ್ಠೆಯಿಂದ ದುಡಿಯುವ ದಾದಿಯರಿಗೆ ಈ ಸೂಕ್ಷ್ಮಗಳನ್ನು ಕಲಿಸುವ ವ್ಯವಸ್ಥೆ ಬೇಕಲ್ಲವೇ?

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹಿರಿಯ ಪರಂಪರೆಯಿದೆ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಬೆಂಗಳೂರಿನಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರೋಗಿಯ ಬಂಧುಗಳನ್ನೂ ಆರೈಕೆಯಲ್ಲಿ ಸೇರಿಸಿಕೊಳ್ಳುವ ಕ್ರಮಕ್ಕೆ ಅಮೃತಸರದ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ, ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಕುಟುಂಬಗಳನ್ನು ಉಳಿಸಿಕೊಂಡು, ದಾರಿ ತೋರಿದ್ದರು. ಹೀಗಾಗಿ ನಮ್ಮ ದಾದಿಯರ ಸಂವಾದ ರೋಗಿಯೊಬ್ಬರೊಡನೆ ಮುಗಿಯುವುದಿಲ್ಲ. ಪಕ್ಕದಲ್ಲಿ ತಾಯಿಯೋ ಗಂಡನೋ ಇರುತ್ತಾರೆ. ಅವರಿಗೆ ಕಾಯಿಲೆಯನ್ನು ತಿಳಿಹೇಳಬೇಕು, ಅವರಿಲ್ಲದಾಗ ರೋಗಿಯೊಡನೆ ಮಾತನಾಡುವ ಏಕಾಂತವನ್ನೂ ಗಳಿಸಿಕೊಳ್ಳಬೇಕು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಧಾಮದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಸತ್ತರು. ದೇಶವೇ ನಾಚಿದ ಆ ದುರಂತವನ್ನು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಈಗಿನ ಕಾಯ್ದೆ ಸರಪಳಿಯನ್ನು ಸಂಪೂರ್ಣ ನಿಷೇಧಿಸಿದೆ. ಅದರ 97ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ತತ್‌ಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯೊಂದಿಗೆ, ರೋಗಿಯನ್ನು ದೈಹಿಕವಾಗಿ ನಿರ್ಬಂಧಿಸಬಹುದು; ಶಿಕ್ಷೆಯಾಗಿ ಅಲ್ಲ, ಸಿಬ್ಬಂದಿಯ ಕೊರತೆಯೆಂಬ ಕಾರಣಕ್ಕಂತೂ ಅಲ್ಲವೇ ಅಲ್ಲ ಎನ್ನುತ್ತದೆ. ಈ ಕೊನೆಯ ಮಾತನ್ನು ಆಡಳಿತಗಾರರು ಮತ್ತೆ ಮತ್ತೆ ಓದಬೇಕು. ಕೆರಳಿದ ರೋಗಿಯನ್ನು ಮಾತಿನಿಂದ ತಣಿಸಲು ಇಪ್ಪತ್ತು ನಿಮಿಷ, ಮೂವತ್ತು ನಿಮಿಷ ಬೇಕು. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಿಬ್ಬರೇ ಇದ್ದರೆ ಆ ನಿಮಿಷಗಳು ಎಲ್ಲಿಂದ ಬರಬೇಕು? ಪಟ್ಟಿ ಕಟ್ಟಲು ಐದೇ ನಿಮಿಷ ಸಾಕು. ಅಂಥ ವಾರ್ಡಿನಲ್ಲಿ ಕಾಯ್ದೆ ಬೇಡವೆಂದದ್ದೇ ಸುಲಭದ ದಾರಿಯಾಗುತ್ತದೆ, ದೋಷ ಮಾತ್ರ ದಾದಿಯ ತಲೆಗೆ ಬರುತ್ತದೆ.

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ವಿಲಿಯಂ ಬಾಮೋಲ್ ನೆನಪಾಗುತ್ತಾರೆ. ಅವರೂ ವಿಲಿಯಂ ಬೋವೆನ್ ಅವರೂ 1966ರಲ್ಲಿ ತೋರಿಸಿದಂತೆ, ಕಾರ್ಖಾನೆಯಲ್ಲಿ ಯಂತ್ರ ಬಂದರೆ ತಲಾ ಉತ್ಪಾದನೆ ಏರುತ್ತದೆ. ನಾಲ್ವರು ವಾದ್ಯಗಾರರು ನುಡಿಸಬೇಕಾದ ಕೃತಿಗೆ ಇಂದಿಗೂ ನಾಲ್ವರೇ ಬೇಕು, ಅಷ್ಟೇ ವೇಳೆ ಬೇಕು. ಧಾರವಾಡದ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ. ವಿಳಂಬಿತ ಖಯಾಲನ್ನು ದ್ರುತದಲ್ಲಿ ಮುಗಿಸಿ ಸಮಯ ಉಳಿಸಿದೆವು ಎಂದು ಯಾರೂ ಬೀಗುವುದಿಲ್ಲ. ಕೇಳಿಸಿಕೊಳ್ಳುವ ಕೆಲಸವೂ ಅಂಥದೇ. ಸೇವೆಯಲ್ಲಿದ್ದಾಗ ನಾನು ಕಂಡ ಹುದ್ದೆ ಮಂಜೂರಾತಿಯ ಕಡತಗಳಲ್ಲಿ ಹಾಸಿಗೆಗಳ ಸಂಖ್ಯೆಯೇ ಮಾನದಂಡವಾಗಿರುತ್ತಿತ್ತು. ಜ್ವರದ ವಾರ್ಡಿಗೆ ಹೊಂದುವ ಆ ಅಳತೆಗೋಲು ಮನೋರೋಗದ ವಾರ್ಡಿಗೆ ಹೊಂದುವುದಿಲ್ಲ. ಹಾಗೆಂದು ಇದು ಬರಿಯ ಖರ್ಚಿನ ಬಾಬಲ್ಲ. ದಾದಿಯನ್ನು ನಂಬಿದ ರೋಗಿ ಮಾತ್ರೆ ಏಕೆ ಬಿಟ್ಟೆನೆಂದು ನಿಜ ಹೇಳುತ್ತಾರೆ. ನಂಬದವರು ಮಾತ್ರೆಯನ್ನು ನಾಲಗೆಯ ಕೆಳಗಿಟ್ಟು ಆಮೇಲೆ ಉಗುಳುತ್ತಾರೆ. ಹಾಗೆ ಮರುಕಳಿಸುವ ಕಾಯಿಲೆಯ ವೆಚ್ಚವನ್ನು ಆಸ್ಪತ್ರೆಯೂ ಕುಟುಂಬವೂ ಭರಿಸಬೇಕಾಗುತ್ತದೆ.

ಪರಿಹಾರಗಳು ದುಸ್ಸಾಧ್ಯವೇನಲ್ಲ. ಮೊದಲನೆಯದಾಗಿ, ದಾಖಲಾದ ಪ್ರತಿ ರೋಗಿಗೂ ನಿರ್ದಿಷ್ಟ ಶುಶ್ರೂಷಕರನ್ನು ಗೊತ್ತುಮಾಡಿ, ಸಾಧ್ಯವಾದಷ್ಟು ಬಿಡುಗಡೆಯ ತನಕ ಅವರನ್ನೇ ಮುಂದುವರಿಸಬೇಕು. ದಿನಕ್ಕೊಂದು ಮುಖ ಕಂಡರೆ ಸಂಬಂಧ ಪರಿಚಯದ ಹಂತ ದಾಟುವುದೇ ಇಲ್ಲ. ಎರಡನೆಯದಾಗಿ, ನರ್ಸಿಂಗ್ ವಿದ್ಯಾರ್ಥಿಗಳು ರೋಗಿಯೊಡನೆ ಆಡಿದ ಮಾತನ್ನು ಸಾಲುಸಾಲಾಗಿ ಬರೆದು ಪರಾಮರ್ಶಿಸುವ ಅಭ್ಯಾಸ ಪಠ್ಯಕ್ರಮದಲ್ಲಿದೆ. ಅದನ್ನು ಸೇವೆಯಲ್ಲಿರುವವರಿಗೂ ವಾರಕ್ಕೊಮ್ಮೆ ಹಿರಿಯರ ಮಾರ್ಗದರ್ಶನದಲ್ಲಿ ಮುಂದುವರಿಸಬೇಕು. ದಿನವಿಡೀ ಪರರ ಸಂಕಟ ಕೇಳುವವರ ಮನಸ್ಸೂ ಬಳಲುತ್ತದೆ. ಅವರು ಹೇಳಿಕೊಳ್ಳಲು ಅದೊಂದು ಜಾಗವಾದೀತು. ಮೂರನೆಯದಾಗಿ, ಮನೋರೋಗ ಶುಶ್ರೂಷೆಯಲ್ಲಿ ತರಬೇತಾದವರನ್ನು ಹೆರಿಗೆ ವಾರ್ಡಿಗೋ ಶಸ್ತ್ರಚಿಕಿತ್ಸಾ ಕೊಠಡಿಗೋ ವರ್ಗಾಯಿಸುವ ಪರಿಪಾಠ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಲ್ಲಬೇಕು. ಜಿಲ್ಲಾ ತಂಡಗಳಲ್ಲಿ ಮನೋರೋಗ ಶುಶ್ರೂಷಕರ ಹುದ್ದೆಗೆ ಅವಕಾಶವಿದೆ. ಅದಕ್ಕೆ ಕಾಯಂ ನೇಮಕಾತಿ ಆಗಬೇಕು.

ದೂರವಾಣಿ ನೆರವು ಬಂದಿದೆಯಲ್ಲ ಎಂದು ಕೆಲವರು ಕೇಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ, 14416 ಸಂಖ್ಯೆಯ ಮೂಲಕ, ಸ್ವಾಗತಾರ್ಹ ಕೆಲಸ ಮಾಡುತ್ತಿದೆ. ಮಾತಿಗೆ ಚಿಕಿತ್ಸಕ ಶಕ್ತಿಯಿದೆ ಎಂದು ಸರ್ಕಾರವೇ ಒಪ್ಪಿರುವುದಕ್ಕೆ ಅದು ಸಾಕ್ಷಿ. ಆದರೆ ಆ ಕರೆಯ ನಂತರ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬರುವವರಿಗೆ ಅಲ್ಲಿಯೂ ಕೇಳುವ ಕಿವಿ ಇರಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆ ಇತ್ತು. ಅಂದರೆ ನೂರು ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ.

ಆರೋಗ್ಯ ಇಲಾಖೆಯಿಂದ ಆರ್ಥಿಕ ಇಲಾಖೆಗೆ ಹೋಗುವ ಮುಂದಿನ ಪ್ರಸ್ತಾವದಲ್ಲಿ ಹಾಸಿಗೆಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು ಇರಲಿ: ಪ್ರತಿ ರೋಗಿಗೆ ದಿನಕ್ಕೆ ಇಷ್ಟು ನಿಮಿಷದ ಸಂವಾದ, ಅದಕ್ಕೆ ಬೇಕಾದ ಶುಶ್ರೂಷಕರು ಇಷ್ಟು. ಯಾವ ನಿಯಮದ ಅಡಿಯಲ್ಲಿ ಎಂದು ಆರ್ಥಿಕ ಇಲಾಖೆ ಕೇಳಿಯೇ ಕೇಳುತ್ತದೆ. 97ನೇ ಕಲಮಿನ ಅಡಿಯಲ್ಲಿ ಎಂದು ಕಡತದಲ್ಲಿ ನಿಸ್ಸಂಕೋಚವಾಗಿ ಬರೆಯಬಹುದು.